ಬಂಡೆಗೆ ಅಂಟಿಕೊಂಡಿರೋ ಆ ಪುಟ್ಟ ಜೀವಿ ಯಾವುದು? ಗುರುತಿಸೋಕೆ ಒಂದು ಸಲಹೆ

ಗೋಕರ್ಣದ ಓಂ ಬೀಚ್ ಅಥವಾ ಸೋಮೇಶ್ವರದ ಬಂಡೆಗಳ ಮೇಲೆ ಹೆಬ್ಬೆರಳಿನಷ್ಟು ಉದ್ದದ, ಮೊಟ್ಟೆಯಾಕಾರದ, ಬಂಡೆಯದೇ ಬಣ್ಣದ ಜೀವಿ ಕಂಡರೆ ಮೊದಲು ಅದರ ಬೆನ್ನು ನೋಡಿ. ಚಿಪ್ಪು ಒಂದೇ ಇದೆಯಾ, ತುಂಡು ತುಂಡಾಗಿದೆಯಾ? ಮನೆಯ ಹಂಚಿನ ಹಾಗೆ ಒಂದರ ಮೇಲೊಂದು ಕೂತ ಎಂಟು ಫಲಕಗಳಿದ್ದರೆ ಅದು ಕೈಟನ್. ಸುತ್ತಲೂ ದಪ್ಪ ಅಂಚು ಇರುತ್ತದೆ. ಮುಟ್ಟಿದರೆ ಆ ಅಂಚು ಒರಟು. ಪುಟ್ಟ ಟೋಪಿಯ ಹಾಗೆ ಒಂದೇ ಚಿಪ್ಪಿದ್ದರೆ ಲಿಂಪೆಟ್. ಎರಡೂ ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತವೆ. ಕೈಟನ್‌ನ ಹಲ್ಲಿನ ತುದಿಯಲ್ಲಿ ಕಬ್ಬಿಣದ ಖನಿಜವೇ ಇದೆ, ಎಷ್ಟು ಚಂದ ಅಲ್ವಾ!

ದಯವಿಟ್ಟು ಚಾಕು ಹಾಕಿ ಎಬ್ಬಿಸಬೇಡಿ. ಬಂಡೆಗೆ ಅಂಟಿಕೊಳ್ಳುವ ಅದರ ಪಾದಕ್ಕೆ (ಮೈಯ ಅಡಿಭಾಗ) ಗಾಯವಾದರೆ ಬದುಕುವುದು ಕಷ್ಟ. ಫೋಟೋ ಸಾಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ. ಬಂಡೆಯ ಒಣ ಭಾಗದಲ್ಲಿತ್ತಾ, ನೀರಿನ ಗುಂಡಿಯಲ್ಲಿತ್ತಾ ಅಂತಲೂ ಬರೆದುಕೊಳ್ಳಿ. ಗುರುತಿಸುವವರಿಗೆ ಇದು ತುಂಬಾ ಸಹಾಯ. ಜೀವಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ತಿಳಿದವರು ನೋಡಿ ಹೆಸರು ಸೂಚಿಸುತ್ತಾರೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ, ಆಗ ಹೋಗಿ. ಮಳೆಗಾಲದಲ್ಲಿ ಮಾತ್ರ ಬೇಡ, ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ.

ಐಸ್‌ಕ್ರೀಮ್ ಕೋನ್ ಆಕಾರದ, ಚಿತ್ತಾರವಿರೋ ಶಂಖ ಸಿಕ್ಕರೆ ಕೈಗೆತ್ತಿಕೊಳ್ಳಲೇಬೇಡಿ. ಅದು ಕೋನ್ ಶಂಖ ಆಗಿರಬಹುದು, ಕುಟುಕಿದರೆ ವಿಷ. ಮಕ್ಕಳಿಗೆ ಮೊದಲೇ ಹೇಳಿಡಿ. ಕಲ್ಲು ಮಗುಚಿ ನೋಡಿದ್ದರೆ ಮತ್ತೆ ಇದ್ದ ಹಾಗೇ ಇಟ್ಟು ಬನ್ನಿ.