ಗ್ರ್ಯಾಂಡ್ ಕ್ಯಾನ್ಯನ್: ಇಳಿಯುವ ಮೊದಲು ಹತ್ತುವ ಲೆಕ್ಕ ಹಾಕಿ

ಬೆಟ್ಟ ಹತ್ತುವಾಗ ಸುಸ್ತಾದರೆ ಅರ್ಧಕ್ಕೇ ಬಿಟ್ಟು ಇಳಿದು ಬರಬಹುದು. ಕಣಿವೆಯಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ಮೊದಲು ಇಳಿಜಾರು, ಆಮೇಲೆ ಏರು, ಅದೂ ಕಾಲು ಸೋತು ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ. ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್‌ಗೆ ಬೇಸಿಗೆಯಲ್ಲಿ ಹೋಗಿ, ಬ್ರೈಟ್ ಏಂಜೆಲ್ ಹಾದಿಯಲ್ಲಿ ಇಳಿಯುವ ಯೋಚನೆ ಇದ್ದರೆ ಹೀಗೆ ಮಾಡಿ.

ಎಲ್ಲಿವರೆಗೆ ಅಂತ ಮೇಲೆಯೇ ತೀರ್ಮಾನಿಸಿ. ಹಾದಿಯಲ್ಲಿ ಒಂದೂವರೆ ಮೈಲಿಗೆ (ಸುಮಾರು 2.4 ಕಿ.ಮೀ.) ಒಂದು ತಂಗುಮನೆ, ಮೂರು ಮೈಲಿಗೆ ಇನ್ನೊಂದು. ಮೊದಲ ಸಲದವರಿಗೆ ಒಂದೂವರೆ ಮೈಲಿ ಸಾಕು, ಅಷ್ಟಕ್ಕೇ ಸುಮಾರು 340 ಮೀಟರ್ ಇಳಿದಿರುತ್ತೀರಿ. ಕಣಿವೆಯ ತಳದಲ್ಲಿರುವ ಕೊಲೊರಾಡೊ ನದಿ ಮುಟ್ಟಿ ಅದೇ ದಿನ ವಾಪಸ್ ಬರುವ ಸಾಹಸ ಬೇಡ, ಅಲ್ಲಿನ ರಾಷ್ಟ್ರೀಯ ಉದ್ಯಾನದವರೂ ಅದನ್ನೇ ಹೇಳುತ್ತಾರೆ.

ಬೆಳಕು ಹರಿಯುವ ಹೊತ್ತಿಗೆ ಹೊರಡಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ನಡೆಯಬಾರದು. ಹಾದಿ ಶುರುವಾಗುವ ಕಣಿವೆಯ ದಕ್ಷಿಣದ ಅಂಚು 2,000 ಮೀಟರಿಗೂ ಎತ್ತರದಲ್ಲಿದೆ, ಬೆಳಿಗ್ಗೆ ತಣ್ಣಗಿರುತ್ತದೆ, ಮೋಸ ಹೋಗುವುದೇ ಅಲ್ಲಿ. ಕೆಳಗೆ ಹೋದಂತೆ ಸೆಕೆ ಏರುತ್ತದೆ, ಒಂದು ಕಿಲೋಮೀಟರ್ ಆಳಕ್ಕೆ ಹೆಚ್ಚುಕಡಿಮೆ 10 ಡಿಗ್ರಿ. ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುವುದು ಮಾಮೂಲು.

ತಿರುಗುವ ಸಮಯವನ್ನು ಗಡಿಯಾರ ನೋಡಿ ನಿರ್ಧರಿಸಿ, ಉತ್ಸಾಹ ನೋಡಿ ಅಲ್ಲ. ಹತ್ತಲು ಇಳಿದದ್ದರ ಎರಡು ಪಟ್ಟು ಸಮಯ ಬೇಕು. ಅಂದರೆ 10ಕ್ಕೆ ಮೇಲಿರಬೇಕು, 5:30ಕ್ಕೆ ಹೊರಟಿದ್ದೀರಿ ಅಂದರೆ 7ಕ್ಕೆ ತಿರುಗಿಬಿಡಿ. ತಂಗುಮನೆ ಇನ್ನೊಂದೇ ತಿರುವಿನಾಚೆ ಕಾಣುತ್ತಿದ್ದರೂ ಅಷ್ಟೇ.

ಇನ್ನು ನೀರು. ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಅಂಗಿ ಒಣಗೇ ಇರುತ್ತದೆ, ಹಾಗಾಗಿ ಎಷ್ಟು ಬೆವರಿದ್ದೀರಿ ಅಂತ ನಿಮಗೇ ಗೊತ್ತಾಗುವುದಿಲ್ಲ. ಗಂಟೆಗೆ ಅರ್ಧದಿಂದ ಒಂದು ಲೀಟರ್ ಲೆಕ್ಕದಲ್ಲಿ ಹೊತ್ತುಕೊಳ್ಳಿ. ತಂಗುಮನೆಗಳಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಇರುತ್ತದೆ, ಆದರೆ ಪೈಪ್ ಒಡೆದರೆ ಅದೂ ಇಲ್ಲ, ಹೊರಡುವ ಮೊದಲು ವಿಚಾರಿಸಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ ಶುರುವಾಗುತ್ತದೆ. ಜೊತೆಗೆ ಉಪ್ಪಿನದ್ದೇನಾದರೂ ತಿನ್ನುತ್ತಾ ಇರಿ, ಹಸಿವಿಲ್ಲದಿದ್ದರೂ.

ಟ್ರೆಕ್ಕಿಂಗ್‌ಗೆ ಹತ್ತಿ ಬಟ್ಟೆ ಬೇಡ ಅಂತಾರಲ್ವಾ? ಇಲ್ಲಿ ಉಲ್ಟಾ. ತೆಳು ಹತ್ತಿ ಅಂಗಿಯನ್ನು ನೀರು ಸಿಕ್ಕಲ್ಲೆಲ್ಲ ನೆನೆಸಿ ಹಾಕಿಕೊಳ್ಳಿ, ಅದು ಆರುತ್ತಾ ಮೈ ತಂಪು ಮಾಡುತ್ತದೆ. ಅಗಲ ಅಂಚಿನ ಟೋಪಿಯನ್ನೂ ನೆನೆಸಿ. ಜೀನ್ಸ್ ಮಾತ್ರ ದಯವಿಟ್ಟು ಬೇಡ.

ಹತ್ತುವಾಗ ಮಾತಾಡಲು ಆಗುವಷ್ಟು ನಿಧಾನ ಇರಲಿ. ಏದುಸಿರು ಬಂದರೆ ವೇಗ ಜಾಸ್ತಿಯಾಗಿದೆ ಅಂತಲೇ ಅರ್ಥ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಹೇಸರಗತ್ತೆಗಳು ಬಂದರೆ ಎಲ್ಲರೂ ಗೋಡೆಯ ಕಡೆಗೆ ಸರಿದು ಸುಮ್ನೆ ನಿಂತುಬಿಡಿ.

ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ನೆರಳಲ್ಲಿ ಕೂತು, ತಲೆ ಕತ್ತು ಒದ್ದೆ ಮಾಡಿಕೊಂಡು, ಸಂಜೆವರೆಗೆ ಕಾಯಬೇಕಾದರೂ ಕಾಯಿರಿ. ಜೊತೆಗಿರುವವರು ಅಸಂಬದ್ಧವಾಗಿ ಮಾತಾಡಲು ಶುರುಮಾಡಿದರೆ ಅದು ಬಿಸಿಲಾಘಾತ, ಬೆವರುತ್ತಿದ್ದರೂ ಸರಿ. ನಡೆಸಬೇಡಿ. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ, ಮೊಬೈಲ್ ಸಿಗ್ನಲ್ ನಂಬಿ ಕೂರದೆ ಯಾರನ್ನಾದರೂ ಹತ್ತಿರದ ತುರ್ತು ಫೋನ್‌ಗೆ ಓಡಿಸಿ.