ದೋಟಿಗೆ ಸಪೂರ ಪೈಪು, ಪೈಪಿಗೊಂದು ರೀಲು

ಬೆಂಗಳೂರಿನಲ್ಲಿ ಕಿಟಕಿ ಗಾಜು ತೊಳೆಯುವುದು ನನ್ನ ಕೆಲಸ. ಮೂರು ನಾಲ್ಕು ಮಹಡಿಯ ಮನೆ, ಸಣ್ಣ ಆಫೀಸು, ಕ್ಲಿನಿಕ್ಕು. ಹಗ್ಗ ಕಟ್ಟಿಕೊಂಡು ನೇತಾಡುವವನಲ್ಲ ನಾನು. ನೆಲದ ಮೇಲೇ ನಿಂತು, ಕಾರ್ಬನ್ ಫೈಬರ್ ದೋಟಿಯ, ಅಂದರೆ ಉದ್ದ ಕೋಲಿನ, ತುದಿಗೆ ಬ್ರಶ್ ಕಟ್ಟಿ, ಅದಕ್ಕೆ ನೀರು ಹಾಯಿಸಿ ಉಜ್ಜುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ. ದೋಟಿಯಲ್ಲಿ ಅಡಿಕೆಗೆ ಔಷಧಿ ಹೊಡೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಅಡಿಕೆ ಗೊನೆ, ಇಲ್ಲಿ ಗಾಜು.

ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ. ಅದಕ್ಕೇ ಆರ್‌ಒ ನೀರನ್ನು ಮತ್ತೆ ಲವಣ ಹಿಡಿದುಕೊಳ್ಳುವ ರೆಸಿನ್‌ನಲ್ಲಿ ಹಾಯಿಸಿ, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 10ಕ್ಕಿಂತ ಕೆಳಗೆ ತಂದು ಬಳಸುತ್ತೇನೆ. ಆಮೇಲೆ ಒರೆಸುವ ಕೆಲಸ ಇಲ್ಲ. ಆದರೆ ಈ ನೀರು ಸುಮ್ನೆ ಬರುವುದಲ್ಲ. ಒಂದು ಕ್ಯಾನ್ ಒಳ್ಳೆ ನೀರಿಗೆ ಅದಕ್ಕಿಂತ ಜಾಸ್ತಿ ನೀರು ಮೋರಿಗೆ ಹೋಗುತ್ತದೆ.

ಮೊದಲು ಅರ್ಧ ಇಂಚಿನ ಗಾರ್ಡನ್ ಪೈಪು ಇತ್ತು, 60 ಮೀಟರ್. ಅದರ ಹೊಟ್ಟೆಯಲ್ಲೇ 7 ಲೀಟರಿಗಿಂತ ಜಾಸ್ತಿ ನೀರು ನಿಲ್ಲುತ್ತದೆ. ಪ್ರತಿ ಮನೆಯಲ್ಲೂ ಆ ಭಾರ ಎಳೆಯಬೇಕು. ಸುತ್ತುವಾಗ ಖಾಲಿ ಮಾಡಿದರೆ ಅಷ್ಟೂ ಒಳ್ಳೆ ನೀರು ನೆಲಕ್ಕೆ. ಸಂಜೆ ಹೊತ್ತಿಗೆ ರಟ್ಟೆ ಬಿದ್ದುಹೋಗುತ್ತಿತ್ತು. ಸಪೂರ ಪೈಪು ಬೇಕು ಅನ್ನಿಸಿದ್ದು ಹಾಗೆ.

ಊರಲ್ಲಿ ಔಷಧಿ ಹೊಡೆಯುವ ಹಳೇ ಪೈಪು ಬಿದ್ದಿತ್ತಲ್ಲ, ಒಳಗಿನ ಅಳತೆ 8.5 ಮಿ.ಮೀ. ಅದನ್ನೇ ತಂದೆ. "ಬೋರ್ಡೋ ಹೊಡೆದ ಪೈಪಲ್ಲಿ ಗಾಜು ತೊಳೀತೀಯೇನೋ ಮಾರಾಯ?" ಅಂದರು ಅಪ್ಪಯ್ಯ. ಅವರ ಮಾತು ಕೇಳಬೇಕಿತ್ತು. ಮೂರು ಸಲ ನೀರು ಹಾಯಿಸಿ ತೊಳೆದಿದ್ದೆ. ಆದರೂ ಗಾಜಿನ ಮೇಲೆ ಚುಕ್ಕೆ. ಟಿಡಿಎಸ್ ಮೀಟರ್ ಹಿಡಿದು ನೋಡಿದರೆ ಪಂಪಿನ ಹತ್ತಿರ 4, ಬ್ರಶ್ಶಿನ ಹತ್ತಿರ 60. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ ತಾನೇ. ಆ ಸುಣ್ಣ ಪೈಪಿನೊಳಗೆ ಕಚ್ಚಿಕೊಂಡು ಕೂತಿತ್ತು. ಆ ಮನೆಯ ಕಿಟಕಿಗಳನ್ನೆಲ್ಲ ಮತ್ತೆ ತೊಳೆದುಕೊಟ್ಟೆ, ದುಡ್ಡು ತಗೊಳ್ಳದೆ.

ಆಮೇಲೆ ಎಸ್.ಪಿ. ರೋಡಿನಲ್ಲಿ ಕಂಪ್ರೆಸರ್ ಗಾಳಿಗೆ ಹಾಕುವ ನೀಲಿ ಪಿಯು (ಪಾಲಿಯುರೆಥೇನ್) ಟ್ಯೂಬು ತಂದೆ. ಹೊರಗೆ 10 ಮಿ.ಮೀ., ಒಳಗೆ 6.5. ಅದೇ 60 ಮೀಟರಿಗೆ ಒಳಗೆ ನಿಲ್ಲುವ ನೀರು 2 ಲೀಟರ್ ಮಾತ್ರ. ಇನ್ನೂ ಸಪೂರದ್ದೂ ಇತ್ತು, ಆಸೆಯೂ ಆಯಿತು. ಆದರೆ ಪೈಪು ಸಣ್ಣ ಆದಷ್ಟೂ ಪ್ರೆಶರ್ ಒಳಗೇ ತಿಂದುಹೋಗುತ್ತದೆ. ಒಳ ಅಳತೆ ಅರ್ಧ ಆದರೆ, ಅಷ್ಟೇ ನೀರು ದಾಟಿಸಲು ಹೆಚ್ಚುಕಡಿಮೆ 25 ಪಟ್ಟು ಪ್ರೆಶರ್ ಬೇಕು. ನನ್ನದು ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಪಂಪು, 100 ಪಿಎಸ್‌ಐ, ಅಂದರೆ ಚದರ ಸೆಂ.ಮೀ.ಗೆ ಸುಮಾರು 7 ಕೆ.ಜಿ. ಪ್ರೆಶರ್. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಈ ಪೈಪು ಒಂದೂವರೆ ಕೆ.ಜಿ. ತಿನ್ನುತ್ತದೆ. ನಾಲ್ಕನೇ ಮಹಡಿ ಹತ್ತಲು ಇನ್ನೊಂದೂವರೆ. ಉಳಿದದ್ದು ಬ್ರಶ್ಶಿಗೆ ಧಾರಾಳ ಸಾಕು.

ನಿಜವಾದ ತಲೆನೋವು ಪೈಪು ಸುತ್ತುವ ರೀಲಿನಲ್ಲಿ. ರೀಲಿನ ನಡುವೆ ನೀರು ಬರುವ ಬಾಯಿ ಅರ್ಧ ಇಂಚು. ಬುಷ್ ಹಾಕಿ ಕಾಲು ಇಂಚಿಗೆ ಇಳಿಸಿ, ಹಿತ್ತಾಳೆ ನಿಪ್ಪಲ್ ಕೂರಿಸಿ, ಟ್ಯೂಬಿನ ತುದಿ ಬಿಸಿನೀರಲ್ಲಿ ಅದ್ದಿ ತುರುಕಿ, ಸ್ಕ್ರೂ ಕ್ಲ್ಯಾಂಪ್ ಬಿಗಿದೆ. ಎರಡನೇ ದಿನವೇ ಫಸ್ಸೆಂದು ಕಳಚಿಕೊಂಡಿತು. ಸ್ಕ್ರೂ ಕ್ಲ್ಯಾಂಪು ಇಷ್ಟು ಸಣ್ಣ ಪೈಪಿಗೆ ಪೂರ್ತಿ ದುಂಡಗೆ ಕೂರುವುದಿಲ್ಲ, ಸ್ಕ್ರೂ ಇರುವ ಕಡೆ ಸಂದು ಉಳಿಯುತ್ತದೆ. ಸಾಲದ್ದಕ್ಕೆ ಅದರ ಮೂಗು ಮೇಲಿನ ಸುತ್ತುಗಳನ್ನು ಗೀರುತ್ತಿತ್ತು.

ಗಾಳಿ ಟ್ಯೂಬಿಗೆ ಗಾಳಿ ಫಿಟ್ಟಿಂಗೇ ಸರಿ ಅಲ್ವಾ? ಇಷ್ಟು ಹೊಳೆಯಲು ನನಗೆ ಒಂದು ವಾರ ಬೇಕಾಯಿತು! ಪೈಪನ್ನು ಒತ್ತಿದರೆ ಕಚ್ಚಿಕೊಳ್ಳುವ 10 ಮಿ.ಮೀ. ಪುಶ್ ಫಿಟ್ಟಿಂಗ್, ಇನ್ನೊಂದು ಕಡೆ ಅರ್ಧ ಇಂಚಿನ ಥ್ರೆಡ್. ಬುಷ್ಶೂ ಬೇಡ, ಕ್ಲ್ಯಾಂಪೂ ಬೇಡ. ಎಲ್ಬೋ ಇರುವುದನ್ನೇ ತಗೊಂಡೆ, ಪೈಪು ಸುತ್ತು ಹೋಗುವ ದಿಕ್ಕಿಗೇ ಅದರ ಬಾಯಿ ತಿರುಗಿಸಿದೆ. ನೇರ ಫಿಟ್ಟಿಂಗ್ ಹಾಕಿದರೆ ಪೈಪು ಬಾಯಿ ಹತ್ತಿರವೇ ಮಡಚಿಕೊಂಡು ನೀರು ನಿಲ್ಲುತ್ತದೆ. ಟ್ಯೂಬಿನ ತುದಿ ಬ್ಲೇಡಿನಲ್ಲಿ ನೇರ ಕತ್ತರಿಸಬೇಕು. ಓರೆಯಾದರೆ ಒಳಗಿನ ರಿಂಗು ಹಿಡಿಯುವುದಿಲ್ಲ, ಹನಿ ಜಿನುಗುತ್ತಲೇ ಇರುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಎಂಟು ಹತ್ತು ಸುತ್ತು.

ಸುತ್ತುವುದಕ್ಕೂ ಒಂದು ರೀತಿ ಇದೆ. ಹೊಸ ಸುರುಳಿಯನ್ನು ಮಲಗಿಸಿ, ಬದಿಯಿಂದ ಎಳೆಯಬೇಡಿ. ಒಂದೊಂದು ಸುತ್ತಿಗೂ ಒಂದೊಂದು ಹುರಿ ಬೀಳುತ್ತದೆ. ಚಕ್ರದ ಹಾಗೆ ಉರುಳಿಸಿಕೊಂಡು ಹೋಗಿ ಬಿಚ್ಚಬೇಕು. ನಾನು ರಸ್ತೆಯುದ್ದಕ್ಕೂ ಹಾಸಿ, ಬಿಸಿಲಲ್ಲಿ ಒಂದು ಗಂಟೆ ಬಿಟ್ಟೆ. ಆಮೇಲೆ ಒಳಗೆ ನೀರು ತುಂಬಿಕೊಂಡೇ, ಜಾಸ್ತಿ ಬಿಗಿ ಮಾಡದೆ ಸುತ್ತಿದೆ. ಖಾಲಿ ಪೈಪನ್ನು ಬಿಗಿದು ಸುತ್ತಿದರೆ, ಪ್ರೆಶರ್ ಬಂದಾಗ ಅದು ಉಬ್ಬಿ ರೀಲಿನ ಡ್ರಮ್ಮನ್ನೇ ಹಿಂಡುತ್ತದೆ. ನನ್ನದು ಪ್ಲಾಸ್ಟಿಕ್ ಡ್ರಮ್ಮು, ಭಯ ಇದ್ದೇ ಇದೆ.

ಇನ್ನೊಂದು. ಕೊನೆಯ ನಾಲ್ಕು ಸುತ್ತು ಯಾವತ್ತೂ ಡ್ರಮ್ಮಿನ ಮೇಲೇ ಇರಬೇಕು. ಆಗ ಎಳೆತವೆಲ್ಲ ಆ ಸುತ್ತುಗಳ ಮೇಲೆ ಬೀಳುತ್ತದೆ, ಫಿಟ್ಟಿಂಗಿಗೆ ತಾಗುವುದಿಲ್ಲ. ಆ ಜಾಗಕ್ಕೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದೇನೆ. ನಾನು ಮೇಲೆ ಗಾಜು ನೋಡುತ್ತ ಹಿಂದೆ ಹಿಂದೆ ನಡೆಯುತ್ತಿರುತ್ತೇನೆ, ರೀಲಿನ ಹತ್ತಿರ ನಿಂತ ಹುಡುಗ ಕೂಗುತ್ತಾನೆ: "ಅಣ್ಣಾ, ಕೆಂಪು ಬಂತು!"