ಪಾಸ್‌ಪೋರ್ಟ್ ಅವಧಿಯಿಂದ ಮೊಟಕಾದ ಕೆನಡಾ ವರ್ಕ್ ಪರ್ಮಿಟ್: ಉಳಿದ ಅವಧಿ ಸಿಕ್ಕಿದ್ದು ಹೀಗೆ

ಎರಡು ವರ್ಷದ ಮಾಸ್ಟರ್ಸ್‌ಗೆ 3 ವರ್ಷದ ಪಿಜಿಡಬ್ಲ್ಯೂಪಿ (ಕೆನಡಾದಲ್ಲಿ ಓದು ಮುಗಿಸಿದವರಿಗೆ ಸಿಗುವ ವರ್ಕ್ ಪರ್ಮಿಟ್) ಸಿಗಬೇಕು. ಬಂದದ್ದು ಒಂದು ವರ್ಷ ಚಿಲ್ಲರೆ. ಪರ್ಮಿಟ್ ಮುಗಿಯುವ ದಿನ ಪಾಸ್‌ಪೋರ್ಟ್ ಮುಗಿಯುವ ದಿನವೇ ಆಗಿದ್ದರೆ ಕಾರಣ ಅದೇ, ಬೇರೆ ಹುಡುಕಬೇಡಿ.

ತಿದ್ದುಪಡಿ ಕೇಳಿದರೆ ಆಗುವುದಿಲ್ಲ, ಕೆನಡಾ ವಲಸೆ ಇಲಾಖೆಯ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಹೊಸ ಪಿಜಿಡಬ್ಲ್ಯೂಪಿ ಹಾಕಿ ಎಂಬ ಏಜೆಂಟರ ಮಾತೂ ದಂಡ. ಅದು ಜೀವಮಾನಕ್ಕೆ ಒಂದೇ ಸಲ.

ಕೆಲಸ ಆದದ್ದು ಪಾಸ್‌ಪೋರ್ಟ್ ಮೊದಲು, ವಿಸ್ತರಣೆ ಆಮೇಲೆ ಎಂಬ ಕ್ರಮದಲ್ಲಿ. ಊರಿಗೆ ಬಂದಾಗ ಮಂಗಳೂರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಹಾಕಬೇಕು. 36 ಪುಟಕ್ಕೆ ₹1500, ತತ್ಕಾಲ್‌ಗೆ ಇನ್ನೂ ₹2000. ಪೊಲೀಸ್ ಪರಿಶೀಲನೆ ಬಿದ್ದರೆ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ಸಿಗಬೇಕು, ಆದ್ದರಿಂದ ವಾಪಸ್ ಟಿಕೆಟನ್ನು ಒತ್ತಿ ಬುಕ್ ಮಾಡಬೇಡಿ. ಮೂಲೆ ಕತ್ತರಿಸಿ 'ರದ್ದು' ಮೊಹರು ಹಾಕಿದ ಹಳೆ ಪುಸ್ತಕ ಎಸೆಯಬೇಡಿ. ಅದರಲ್ಲಿರುವ ವೀಸಾಕ್ಕೆ ಅವಧಿ ಇದ್ದರೆ ವಿಮಾನಕ್ಕೆ ಎರಡನ್ನೂ ಒಯ್ಯಬೇಕು.

ಕೆನಡಾಕ್ಕೆ ಮರಳಿ, ಈಗಿನ ಪರ್ಮಿಟ್ ಮುಗಿಯುವ ಮುಂಚೆ ಐಎಂಎಂ 5710 ನಮೂನೆಯಲ್ಲಿ ವಿಸ್ತರಣೆ ಕೇಳಿ. ಮುಂಚೆ ಹಾಕಿದರೆ ತೀರ್ಮಾನ ಬರುವವರೆಗೆ ಕೆಲಸ ಮುಂದುವರಿಸಬಹುದು. ಎರಡೂ ಪಾಸ್‌ಪೋರ್ಟ್ ಪ್ರತಿ, ಕೋರ್ಸ್ ಮುಗಿದ ಪತ್ರ, ಅಂಕಪಟ್ಟಿ ಇಡಿ. ಮುಖ್ಯವಾದದ್ದು ವಿವರಣಾ ಪತ್ರ, ಒಂದೇ ಪುಟ: ಪರ್ಮಿಟ್ ಸಂಖ್ಯೆ, ಕೊಟ್ಟ ದಿನಾಂಕ, ಕೋರ್ಸಿನ ಅವಧಿ, ಹಳೆ ಮತ್ತು ಹೊಸ ಪಾಸ್‌ಪೋರ್ಟ್ ಮುಗಿಯುವ ದಿನಾಂಕ. ಮೊದಲ ಸಾಲಲ್ಲೇ 'ಪಾಸ್‌ಪೋರ್ಟ್ ಕಾರಣಕ್ಕೆ ಮೊಟಕಾದ ಪಿಜಿಡಬ್ಲ್ಯೂಪಿಯ ಉಳಿದ ಅವಧಿ' ಎಂದು ಬರೆಯಿರಿ. ಇಲ್ಲದಿದ್ದರೆ ಎರಡನೇ ಪಿಜಿಡಬ್ಲ್ಯೂಪಿ ಅಂದುಕೊಂಡು ತಿರಸ್ಕರಿಸಬಹುದು.